ಎರಡು ಟಕ್ಕುಗಳ ನಡುವೆ

ಈ ಸಲ ದಸರೆಗೆ ಮುಂಚೆ ಚಿಕ್ಕೇರೂರಿಗೆ ಹೋಗಿದ್ದೆ. ಪರಿಚಯದವರೊಬ್ಬರ ಹಳೆಯ ಸಣ್ಣ ರೇಡಿಯೊ ರಿಪೇರಿ ಮಾಡಿದ್ದೆ, ಅದನ್ನು ಮರಳಿ ಕೊಡುವುದಿತ್ತು. ಬಸ್ಸಿಳಿದು ನಡೆಯುವಾಗ ಸೆಲ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಒಮ್ಮೆ ಹಾಕಿ ನೋಡಿದೆ. ಸ್ಟೇಷನ್ ಹಿಡಿಯಲಿಲ್ಲ, ಬರೀ ಸುಯ್ ಎನ್ನುವ ಸದ್ದು. ಆ ಸದ್ದಿನೊಳಗೆ ಒಂದು ‘ಟಕ್’. ಒಂದು ಉಸಿರು ಬಿಟ್ಟು ಮತ್ತೆ ‘ಟಕ್’.

ನಾನು ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟೆ. ಎರಡೂ ಕಡೆ ಗೋವಿನಜೋಳ ಆಳೆತ್ತರ ಬೆಳೆದಿತ್ತು. ಹಿಂದಿನ ದಿನದ ಮಳೆಗೆ ತೊಯ್ದ ದಂಟಿನ ಸಿಹಿ ವಾಸನೆ ಗಾಳಿಯಲ್ಲಿತ್ತು. ಆ ಟಕ್ಕು ಎಲ್ಲಿಂದ ಬರುತ್ತಿದೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಒಂದು ವರ್ಷ, ಗಣಪತಿ ಹಬ್ಬದಿಂದ ದೀಪಾವಳಿಯವರೆಗೆ, ಅದನ್ನು ದಿನವೂ ಕೇಳಿದವನು ನಾನು.

ನಾನು ಶಿಗ್ಗಾವಿಯ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಹುಟ್ಟಿದ್ದು ಸವಣೂರಿನಲ್ಲಿ. ಅಲ್ಲಿ ಅಪ್ಪನದು ರೇಡಿಯೊ ರಿಪೇರಿ ಅಂಗಡಿ. ಪಕ್ಕದಲ್ಲಿ ಖಾರ ಕರಿಯುವ ಅಂಗಡಿ ಇದ್ದದ್ದರಿಂದ ನಮ್ಮಲ್ಲಿಗೆ ಬಂದ ರೇಡಿಯೊಗಳೆಲ್ಲ ಎಣ್ಣೆಯ ವಾಸನೆ ಹೊತ್ತೇ ಮನೆಗೆ ಹೋಗುತ್ತಿದ್ದವು. ಯಾರಾದರೂ ಗರಗರ ಸದ್ದಿನ ರೇಡಿಯೊ ತಂದರೆ ಅಪ್ಪ ಮೊದಲು ಅದನ್ನು ಹಿಡಿದು ಬೀದಿಗೆ ಹೋಗಿ ನಿಲ್ಲುತ್ತಿದ್ದರು. “ಬಿಚ್ಚೂಕಿಂತ ಮೊದಲ ಹೊರಗ ಕಿವಿ ಕೊಡು, ದಾದಾಪೀರ್. ಅರ್ಧ ರೋಗ ಪೆಟ್ಟಿಗ್ಯಾಗ ಇರೂದಿಲ್ಲ, ಓಣ್ಯಾಗ ಇರತೈತಿ,” ಎನ್ನುತ್ತಿದ್ದರು.

ಆ ವರ್ಷ ಮಳೆಗಾಲದ ಕೊನೆಯಲ್ಲಿ ಸುಮತಿ ಮೇಡಂ ನಮ್ಮ ಕಾಲೇಜಿಗೆ ಬಂದರು. ಅವರು ಒಂದು ಸಂಶೋಧನಾ ಸಂಸ್ಥೆಯವರು, ಮೈಸೂರು ಕಡೆಯ ಮಾತು. ಚಿಕ್ಕೇರೂರಿನ ಹೊರಗೆ ಮುಚ್ಚಿಹೋದ ಒಂದು ಕಲ್ಲುಕ್ವಾರಿ ಇತ್ತು. ಸಿಡಿಮದ್ದು ತುಂಬಲೆಂದು ಹಿಂದೆ ಕೊರೆದ ಆಳದ ತೂತುಗಳು ಅಲ್ಲಿ ಹಾಗೆಯೇ ಉಳಿದಿದ್ದವು. ಒಂದು ತೂತಿನಿಂದ ರೇಡಿಯೊ ಮಿಡಿತ ಬಿಟ್ಟು, ಮೂವತ್ತು ಹೆಜ್ಜೆ ದೂರದ ಇನ್ನೊಂದು ತೂತಿನಲ್ಲಿ ಅದು ಎಷ್ಟು ಕೇಳುತ್ತದೆ ಎಂದು ಅಳೆಯುವುದು ಅವರ ಕೆಲಸ. ರೇಡಿಯೊ ಬಿಚ್ಚಿ ಕಟ್ಟಬಲ್ಲ ಒಬ್ಬ ಆಳು ಬೇಕು ಎಂದರು. ಪ್ರಾಂಶುಪಾಲರು ನನ್ನನ್ನು ಕಳಿಸಿದರು. ನಾವಿಬ್ಬರೂ ಹಿರೇಕೆರೂರಿನಲ್ಲಿ ಬೇರೆಬೇರೆ ಕಡೆ ಬಾಡಿಗೆಗೆ ಇಳಿದುಕೊಂಡೆವು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುವುದು ದಿನದ ರೂಢಿಯಾಯಿತು.

ಇದೆಲ್ಲ ಯಾಕೆ ಎಂದು ಮೊದಲ ದಿನವೇ ಕೇಳಿದವಳು ಗಂಗವ್ವ. ಕ್ವಾರಿಗೆ ಹತ್ತಿದ ಎರಡೆಕರೆ ಹೊಲ ಅವಳದು. ಐವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿ ಎರಡು ವರ್ಷವಾಗಿತ್ತು. ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡೇ ನಿಂತು ಮೇಡಂ ಹೇಳಿದ್ದನ್ನೆಲ್ಲ ಕೇಳಿದಳು.

ಮೇಡಂ ಹೇಳಿದ್ದು ಇಷ್ಟು. ಆಕಾಶದ ಬಲು ದೂರದಿಂದ ನ್ಯೂಟ್ರಿನೊ ಎಂಬ ಕಣಗಳು ಬರುತ್ತವೆ. ಅವು ಭೂಮಿಯನ್ನೇ ತೂರಿಕೊಂಡು ಹೋಗುತ್ತವೆ, ಯಾವುದನ್ನೂ ಮುಟ್ಟುವುದಿಲ್ಲ. ಅವುಗಳಲ್ಲಿ ಬಹಳ ಶಕ್ತಿ ಹೊತ್ತು ಬರುವವು ತೀರ ವಿರಳ. ಅಂಥದೊಂದು ಎಂದಾದರೊಮ್ಮೆ ಕಲ್ಲಿನೊಳಗೋ ಮಂಜುಗಡ್ಡೆಯೊಳಗೋ ಯಾವುದಕ್ಕಾದರೂ ಬಡಿದರೆ ಅಲ್ಲಿ ಸಣ್ಣ ಕಣಗಳ ಒಂದು ಹಿಂಡು ಏಳುತ್ತದೆ. ಆ ಹಿಂಡು ಓಡುವಾಗ ಒಂದು ರೇಡಿಯೊ ಮಿಡಿತ ಹೊರಡುತ್ತದೆ. ಅದು ಇರುವುದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ಹೊತ್ತು. ಬೆಳಕು ಕಲ್ಲಿನಲ್ಲಿ ಸಾಗುವುದಿಲ್ಲ, ರೇಡಿಯೊ ತರಂಗ ಸಾಗೀತು. ದಕ್ಷಿಣ ಧ್ರುವದ ಮಂಜಿನಲ್ಲಿ ಅದು ಬಲು ದೂರ ಹೋಗುತ್ತದೆ, ಒಣಗಿದ ಉಪ್ಪಿನ ಗಣಿಯಲ್ಲೂ ಹೋಗುತ್ತದೆ. ನಮ್ಮ ಈ ಕಲ್ಲಿನಲ್ಲಿ ಎಷ್ಟು ದೂರ?

“ಭೂಮಿ ತೂರಿ ಹೋಗತೈತಿ, ಆದ್ರ ಯಾರನ್ನೂ ಮುಟ್ಟಂಗಿಲ್ಲ,” ಎಂದು ಗಂಗವ್ವ ಇನ್ನೊಮ್ಮೆ ಖಚಿತ ಮಾಡಿಕೊಂಡಳು. “ಹಂಗಾರ ಅದಕ್ಕ ಭಾಳ ಮಡಿ ಇರಬೇಕ್ರಿ ಅಕ್ಕಾರ.”

ಮೇಡಂ ನಕ್ಕರು. “ಹೌದು, ಬಹಳ ಮಡಿ. ಅದರ ಮಡಿ ಕೆಟ್ಟಾಗಲೇ ನಮಗೆ ಕೇಳೋದು.”

“ಕೇಳಿ?”

“ಅದು ಎಲ್ಲಿಂದ ಬಂತು ಅಂತ ತಿಳಿಯುತ್ತೆ. ಅಲ್ಲಿ ಏನಾಗ್ತಿದೆ ಅಂತ.”

“ತಿಳೀಲಿ ತಿಳೀಲಿ,” ಎಂದು ಗಂಗವ್ವ ಹೊರೆ ಸರಿಮಾಡಿಕೊಂಡಳು. “ಊರಾಗ ನಮ್ಮ ಬಗ್ಗೆ ಏನೇನ್ ನಡದೈತಿ ಅಂತ ನಮಗ ತಿಳಿವಲ್ದು. ನೀವು ಆಕಾಶದ್ದು ತಿಳ್ಕೋರಿ.”

ಮೊದಲ ವಾರ ಬರೀ ನೀರು ಎತ್ತಿದೆವು. ಮಳೆಗಾಲದ ನೀರು ತೂತುಗಳಲ್ಲಿ ತುಂಬಿತ್ತು, ನೀರು ರೇಡಿಯೊ ತರಂಗವನ್ನು ನುಂಗಿಬಿಡುತ್ತದೆ. ಕೈಪಂಪಿನಿಂದ ಎತ್ತಿ, ಕೋಲಿಗೆ ಹಳೆಯ ಧೋತರ ಸುತ್ತಿ ಒರೆಸಿ, ಮತ್ತೆ ಒಸರಿದ್ದನ್ನು ಮತ್ತೆ ಒರೆಸಿದೆವು. ಆಮೇಲೆ ತಾಮ್ರದ ತಗಡಿನ ಆಂಟೆನಾಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆವು. ಕೇಳುವ ಪೆಟ್ಟಿಗೆಯನ್ನು ತಾಡಪತ್ರಿಯ ಕೆಳಗೆ ಬ್ಯಾಟರಿಗೆ ಜೋಡಿಸಿದೆವು. ಮಿಡಿತ ಬಂದೊಡನೆ ಅದು ತಾನಾಗಿ ಎಚ್ಚೆತ್ತು ಬರೆದುಕೊಳ್ಳುತ್ತಿತ್ತು.

ನಾವು ಇನ್ನೂ ಏನನ್ನೂ ಬಿಟ್ಟಿರಲಿಲ್ಲ. ಪೆಟ್ಟಿಗೆ ಬರೆದುಕೊಳ್ಳತೊಡಗಿತು.

ಪರದೆಯ ಮೇಲೆ ಒಂದು ಚೂಪಾದ ಗೆರೆ ಏಳುತ್ತಿತ್ತು. ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಬಿಟ್ಟು ಇನ್ನೊಂದು. ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತೆ. ಆ ಕಣವೇ ಬಂತು ಎಂದುಕೊಂಡೆ, ಅದನ್ನು ಮುಚ್ಚಿಡುವುದಿಲ್ಲ. ಮೇಡಂ ಮಾತ್ರ ತಲೆ ಅಲ್ಲಾಡಿಸಿದರು. “ನ್ಯೂಟ್ರಿನೊ ಹೀಗೆ ಗಡಿಯಾರ ನೋಡಿಕೊಂಡು ಬರಲ್ಲ. ಇದು ನಮ್ಮದೇ ತಪ್ಪು.” ಮೂರು ದಿನ ನಾವು ಒಂದೊಂದು ತಂತಿಯನ್ನೂ ಬಿಚ್ಚಿ ಬೆಸೆದೆವು. ಟಕ್ಕು ನಿಲ್ಲಲಿಲ್ಲ.

ನಾಲ್ಕನೆಯ ದಿನ ಅಪ್ಪನ ಮಾತು ನೆನಪಾಯಿತು. ಅವರ ಕೈಯ ಟ್ರಾನ್ಸಿಸ್ಟರ್ ಒಂದು ನನ್ನ ಹತ್ತಿರ ಇತ್ತು. ಅದನ್ನು ಕಿವಿಗೆ ಹಿಡಿದು ನಡೆದೆ. ಕ್ವಾರಿಯ ತಗ್ಗಿನಿಂದ ಮೇಲೆ ಬಂದಂತೆ ಟಕ್ಕು ಜೋರಾಯಿತು. ಗಂಗವ್ವನ ಬೇಲಿಯ ಮೂಲೆಗೆ ಬಂದಾಗ ರೇಡಿಯೊ ಕೈಯಲ್ಲೇ ಚಟಚಟಿಸಿತು. ಅಲ್ಲಿ ಕಂಬದ ಮೇಲೆ ಒಂದು ಸೋಲಾರ್ ತಗಡು, ಕೆಳಗೆ ಬೀಗ ಹಾಕಿದ ಸಣ್ಣ ಪೆಟ್ಟಿಗೆ. ಹಂದಿ ಬರದ ಹಾಗೆ ತಂತಿಗೆ ಮೇಲಿಂದ ಮೇಲೆ ಝಟ್ಕಾ ಕೊಡುವ ಯಂತ್ರ. ದಂಟಿನ ಎಲೆ ತಂತಿಗೆ ತಾಗಿದಲ್ಲೆಲ್ಲ ಸಣ್ಣ ಕಿಡಿ. ಆ ಒಂದೊಂದು ಕಿಡಿಯೂ ಒಂದು ರೇಡಿಯೊ ಮಿಡಿತ.

“ಮೂರು ದಿನದಿಂದ ನನ್ನ ಬೇಲಿ ನೋಡ್ಕೊಂತ ಕುಂತಿದ್ರೇನು?” ಎಂದು ಗಂಗವ್ವ ಸೆರಗು ಬಾಯಿಗಿಟ್ಟು ನಕ್ಕಳು. ಆದರೆ ಹಗಲು ಅಳತೆಯ ಹೊತ್ತಿಗೆ ಅದನ್ನು ನಿಲ್ಲಿಸಬಹುದೇ ಎಂದು ಮೇಡಂ ಕೇಳಿದಾಗ ಅವಳ ನಗು ನಿಂತಿತು.

ಆಗ ತಿಳಿಯಿತು. ಗಂಡನಿರುವಾಗ ಹೊಲವನ್ನು ಅಣ್ಣತಮ್ಮಂದಿರು ಕೂಡಿ ಮಾಡುತ್ತಿದ್ದರು. ಅವನು ಹೋದ ಮೇಲೆ ಮೈದುನ ಬಸಪ್ಪ, “ಹೆಂಗಸು ಹೊಲಾ ಕಾಯಾಕ ಆಗೂದಿಲ್ಲ, ನಾನು ಮಾಡ್ತೇನಿ, ನಿನ್ನ ಪಾಲಿನ ಕಾಳು ನಿನಗ ಹಾಕ್ತೇನಿ,” ಎಂದಿದ್ದ. ಇವಳು ಒಪ್ಪಿರಲಿಲ್ಲ. ಕಡೆಗೆ ಯುಗಾದಿಯ ದಿನ ಹಿರಿಯರ ಮುಂದೆ ಒಂದು ಮಾತಾಗಿತ್ತು: ಒಂದು ಬೆಳೆ ಒಬ್ಬಳೇ ಕಾಯ್ದು ಮನೆಗೆ ತಂದರೆ ಹೊಲದ ತಂಟೆಗೆ ಬಸಪ್ಪ ಬರುವುದಿಲ್ಲ. ಹಂದಿ ಪಾಲಾದರೆ ನೇಗಿಲು ಅವನದು. ಬೇಲಿ ಹಾಕಿಸಿದ್ದು ಅದಕ್ಕೆ.

“ಹಗಲಿಗೆ ಹಂದಿ ಬರೂದಿಲ್ಲ, ಖರೆ,” ಎಂದಳು ಗಂಗವ್ವ. “ನಾನು ಹಗಲಿ ಮಂದಿ ಹೊಲಕ್ಕ ಕೂಲಿಗಿ ಹೋಗ್ತೇನಿ. ಸಂಜಿಗೆ ಹಚ್ಚಾಂವ ನೀನ ಆಗಬೇಕು, ಅಣ್ಣಾ.” ಕೀಲಿಯನ್ನು ನನ್ನ ಕೈಗೆ ಹಾಕಿದಳು. ಒಂದು ವಿಧಾನವನ್ನೂ ಕಲಿಸಿದಳು. ಹಚ್ಚುವ ಮೊದಲು ನಾಲ್ಕೂ ದಿಕ್ಕಿಗೆ ಕೂಗಬೇಕು, ‘ಬೇಲಿ ಚಾಲೂ, ಮುಟ್ಟಬ್ಯಾಡ್ರಿ.’ ಹಚ್ಚಿದ ಮೇಲೆ ಒಂದು ಹಸಿ ಹುಲ್ಲಿನ ಎಸಳು ಕಿತ್ತು ತಂತಿಗೆ ಹಿಡಿಯಬೇಕು. ಬೆರಳಿಗೆ ಸಣ್ಣಗೆ ಜುಮ್ ಎಂದರೆ ಚಾಲೂ ಆಗಿದೆ ಎಂದರ್ಥ. “ಕಣ್ಣು ಸುಳ್ಳ ಹೇಳತಾವು. ಹುಲ್ಲು ಹೇಳೂದಿಲ್ಲ.”

ನಾನು ದಿನಚರಿ ಪುಸ್ತಕದಲ್ಲಿ ಎರಡು ಸಾಲು ಸೇರಿಸಿದೆ. ಬೆಳಿಗ್ಗೆ, ಬೇಲಿ ಬಂದ್. ಸಂಜೆ, ಬೇಲಿ ಚಾಲೂ. ಪಕ್ಕದಲ್ಲಿ ಹೊತ್ತು. ಹನ್ನೊಂದು ದಿನ ಹಾಗೆ ನಡೆಯಿತು, ಹನ್ನೊಂದು ದಿನವೂ ಹುಲ್ಲು ಹಿಡಿದೆ.

ಹನ್ನೆರಡನೆಯ ದಿನ ತೂತುಗಳು ಮೊದಲ ಸಲ ಪೂರ್ತಿ ಒಣಗಿದ್ದವು. ಮಧ್ಯಾಹ್ನ ಮೂರರ ಹೊತ್ತಿಗೆ ನಾವು ಈ ತೂತಿನಲ್ಲಿ ಬಿಟ್ಟ ಮಿಡಿತ, ಮೂವತ್ತು ಹೆಜ್ಜೆ ಕಲ್ಲನ್ನು ದಾಟಿ, ಆ ತೂತಿನಲ್ಲಿ ಎದ್ದಿತು. ಪರದೆಯ ಮೇಲೆ ಗೋಧಿ ಕಾಳಿನಷ್ಟು ಉಬ್ಬು. ಬಿಡುವುದನ್ನು ನಿಲ್ಲಿಸಿದರೆ ಇಲ್ಲ, ಬಿಟ್ಟರೆ ಇದೆ. ಮೇಡಂ ಒಂದು ಕಲ್ಲಿನ ಮೇಲೆ ಕೂತು ಎರಡೂ ಅಂಗೈಗಳನ್ನು ಬಂಡೆಗೆ ಒತ್ತಿ ಹಿಡಿದರು. “ಇದು ಇಲ್ಲಿ ಇಷ್ಟು ಕೋಟಿ ವರ್ಷದಿಂದ ಇದೆ, ದಾದಾಪೀರ್. ಇದರೊಳಗಿಂದ ಏನು ಕೇಳುತ್ತೆ ಅಂತ ಯಾರೂ ಕೇಳಿರಲಿಲ್ಲ.” ಆ ಹೊತ್ತು ನನಗೂ ಬಂಡೆಯನ್ನು ಮುಟ್ಟಬೇಕು ಅನಿಸಿತು. ಮುಟ್ಟಿದೆ. ಬಿಸಿಯಾಗಿತ್ತು.

ಐದು ಗಂಟೆಯ ಹೊತ್ತಿಗೆ ಹಾನಗಲ್ಲಿನ ದಿಕ್ಕಿನಿಂದ ಮೋಡ ಎದ್ದಿತು. ಕೇಳುವ ಪೆಟ್ಟಿಗೆಯನ್ನು ಮೊದಲ ಸಲ ರಾತ್ರಿಯಿಡೀ ಅಲ್ಲಿಯೇ ಬಿಡುವುದು, ಸುತ್ತಲಿನ ಸದ್ದನ್ನೆಲ್ಲ ಅದು ಬರೆದುಕೊಳ್ಳಲಿ ಎಂದು ಮೇಡಂ ಹೇಳಿದರು. ತಾಡಪತ್ರಿ ಬಿಗಿಯಬೇಕಿತ್ತು, ಹಗ್ಗ ಸುತ್ತಬೇಕಿತ್ತು. ನಾನು ಪುಸ್ತಕ ತೊಯ್ದೀತೆಂದು ಅವತ್ತಿನ ಸಾಲುಗಳನ್ನು ಮೊದಲೇ ಬರೆದು ಚೀಲಕ್ಕೆ ಹಾಕಿದೆ. ಕೊನೆಯ ಸಾಲು, ಬೇಲಿ ಚಾಲೂ, ಐದೂವರೆ. ಬರೆದಾಗ ಐದೂ ಇಪ್ಪತ್ತು. ಆಮೇಲೆ ದಪ್ಪ ಹನಿ ಬಿದ್ದವು, ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು, ಇಬ್ಬರೂ ಓಡಿದೆವು.

ನನ್ನ ತಪ್ಪು ಇಷ್ಟೇ. ಮಾಡುವ ಮೊದಲು ಬರೆದೆ. ಬರೆದ ಮೇಲೆ ಮಾಡಿದಂತಾಯಿತು.

ಮರುದಿನ ಬೆಳಿಗ್ಗೆ ಬಸ್ಸಿಳಿದಾಗ ಹೊಲದ ಬದುವಿನ ಮೇಲೆ ಗಂಗವ್ವನೂ ಬಸಪ್ಪನೂ ನಿಂತಿದ್ದರು. ಕ್ವಾರಿಯ ಕಡೆಯಿಂದ ಹದಿನೇಳು ಸಾಲು ನೆಲಕ್ಕೆ ಮಲಗಿತ್ತು. ನಾನು ಎಣಿಸಿದ್ದೇನೆ. ಹಂದಿಗಳು ತೆನೆಗಳನ್ನು ಕಚ್ಚಿ, ಅರ್ಧ ತಿಂದು, ತುಳಿದು ಹೋಗಿದ್ದವು. ಕೆಸರಿನಲ್ಲಿ ಗೊರಸಿನ ಗುರುತು, ದೊಡ್ಡವು, ಸಣ್ಣವು.

“ಬೇಲಿ ಅಂತ ಬೇಲಿ!” ಎನ್ನುತ್ತಿದ್ದ ಬಸಪ್ಪ. ದನಿ ಏರಿಸಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. “ದಾರಾ ಕಟ್ಟಿದ್ರ ಹಂದಿ ನಿಂದರತಾವೇನು ಅತ್ತಿಗಿ? ನಾ ಅವತ್ತ ಹೇಳಿದ್ನಿಲ್ಲ?”

ಗಂಗವ್ವ ನನ್ನನ್ನು ನೋಡಿದಳು. “ಹಚ್ಚಿದ್ರಿಲ್ಲ, ಅಣ್ಣಾ?”

ಮೇಡಂ ಚೀಲದಿಂದ ಪುಸ್ತಕ ತೆಗೆದು ನೋಡಿದರು. “ಹಚ್ಚಿದ್ದಾರೆ. ಐದೂವರೆಗೆ. ಬರೆದಿದೆ.”

ನಾನು ಕೀಲಿ ತೆಗೆದುಕೊಂಡು ಕಂಬದ ಹತ್ತಿರ ಹೋದೆ. ನನ್ನ ಬೆನ್ನು ಅವರ ಕಡೆಗಿತ್ತು. ಬೀಗ ತೆಗೆದೆ. ಗುಂಡಿ ಕೆಳಗಿತ್ತು, ಬಂದ್. ಒಂದು ಬೆರಳಿನಿಂದ ಅದನ್ನು ಮೇಲೆತ್ತಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಪುಸ್ತಕವೂ ನನ್ನ ಪರವಾಗಿತ್ತು. ನನ್ನ ಬೆರಳು ಗುಂಡಿಯ ಮೇಲಿತ್ತು, ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಕೇಳುವ ಪೆಟ್ಟಿಗೆ ರಾತ್ರಿಯಿಡೀ ಎಚ್ಚರವಿತ್ತು, ಅದು ನನ್ನನ್ನು ಹಿಡಿದುಕೊಡುತ್ತದೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆದಿತ್ತೇ? ಹೊಳೆದಿರಲಿಲ್ಲ ಎಂದು ಬರೆಯಲು ಆಸೆ. ಆದರೆ ನನಗೆ ಗೊತ್ತಿಲ್ಲ.

ನಾನು ತಿರುಗಿ, “ಬಂದ್ ಐತಿ, ಗಂಗಕ್ಕ. ನಾ ಹಚ್ಚಿಲ್ಲ. ಹಚ್ಚದ ಬರದೇನಿ,” ಎಂದೆ.

ಬಸಪ್ಪ, “ಯಾರ ಮರತರ ಏನು? ಬೆಳಿ ಕಾಯ್ದಂಗಾಗಲಿಲ್ಲ,” ಎಂದ.

“ಹೌದು, ಕಾಯ್ದಂಗಾಗಲಿಲ್ಲ,” ಎಂದಳು ಗಂಗವ್ವ. “ಮಂದಿ ಕೈಯಾಗ ಕೀಲಿ ಕೊಟ್ನಿ, ಆ ತಪ್ಪು ನಂದು. ಆದ್ರ ಬೇಲಿ ಕೆಟ್ಟಿಲ್ಲ, ನಾ ನಿದ್ದಿ ಹೊಡೆದಿಲ್ಲ, ಇದನ್ನ ಹಿರ್ಯಾರ ಮುಂದ ನೀನ ಹೇಳಬೇಕು. ಮಾತ ಆಗಿದ್ದು ಬೆಳಿ ಮನಿಗಿ ಬರೂದಕ್ಕ. ಇನ್ನೂ ಬಂದಿಲ್ಲ, ತಡಿ.” ಅವನು ಬಿದ್ದ ಸಾಲುಗಳನ್ನೂ ನಿಂತ ಸಾಲುಗಳನ್ನೂ ನೋಡಿದ. “ಇನ್ನೊಂದು ದಂಟು ಬಿದ್ದರ ಮುಗೀತು,” ಎಂದು ಹೋದ.

ನನ್ನ ಕಡೆ ಅವಳು ಅಂಗೈ ಚಾಚಿದಳು. ಕೀಲಿ ಕೊಟ್ಟೆ. “ನಿಮ್ಮ ಪುಸ್ತಕಾ ನಂಬಿದ್ನಿ,” ಎಂದಳು. ಬೈಯಲಿಲ್ಲ. ಇಷ್ಟೇ.

ಮೇಡಂ ಪೆಟ್ಟಿಗೆ ತೆರೆದು ರಾತ್ರಿಯ ದಾಖಲೆ ನೋಡಿದರು. ಸಂಜೆಯಿಂದ ಬೆಳಗಿನವರೆಗೆ ಒಂದೂ ಟಕ್ಕು ಇರಲಿಲ್ಲ. ಮಳೆಯ ಸಿಡಿಲಿನ ನಾಲ್ಕಾರು ಗೀರು, ಅದರಾಚೆ ಗೆರೆ ನೀರಿನಂತೆ ಮಟ್ಟಸ. ಅವರು ಅದನ್ನು ಬಹಳ ಹೊತ್ತು ನೋಡಿದರು. “ಇಷ್ಟು ನಿಶ್ಶಬ್ದ ನಮಗೆ ಮತ್ತೆ ಸಿಗಲ್ಲ. ಇದು ಯಾಕೆ ಸಿಕ್ತು ಅನ್ನೋದನ್ನೂ ಬರೀಬೇಕು,” ಎಂದು ನನ್ನ ಸುಳ್ಳು ಸಾಲಿನ ಕೆಳಗೆ ತಮ್ಮ ಕೈಯಿಂದ ಬರೆದರು: ಬೇಲಿ ಚಾಲೂ ಇರಲಿಲ್ಲ. ಪಕ್ಕದ ಹೊಲಕ್ಕೆ ಹಂದಿ ನುಗ್ಗಿ ಬೆಳೆ ಹಾಳಾಗಿದೆ. ನಾನು ಅದರ ಕೆಳಗೆ ಸಹಿ ಹಾಕಿದೆ.

ಇನ್ನು ಬೇಲಿ ಹಗಲೂ ನಿಲ್ಲುವುದಿಲ್ಲ ಎಂದು ಗಂಗವ್ವ ಹೇಳಿಬಿಟ್ಟಿದ್ದಳು. ಹಾಗಾದರೆ ನಮ್ಮ ಕೆಲಸ ಮುಗಿಯಿತು ಎಂದು ಮೇಡಂ ಹಗ್ಗ ಸುತ್ತತೊಡಗಿದರು. ಕೇಳುವ ಪೆಟ್ಟಿಗೆ ಟಕ್ಕಿಗೇ ಎಚ್ಚೆತ್ತು ಕೂತರೆ ನಮ್ಮ ಮಿಡಿತ ಬಂದಾಗ ಅದಕ್ಕೆ ಬಿಡುವಿರುತ್ತಿರಲಿಲ್ಲ. ಆ ದಿನ ಗಂಗವ್ವ ಕೂಲಿಗೆ ಹೋಗಿರಲಿಲ್ಲ. ಬಿದ್ದ ತೆನೆಗಳಲ್ಲಿ ಉಳಿದವನ್ನು ಆರಿಸುತ್ತಿದ್ದಳು. ನಾನೂ ಆರಿಸುತ್ತಿದ್ದೆ. ಮೇಡಂ ಸಾಮಾನು ಕಟ್ಟುವುದನ್ನು ನೋಡಿ ಕೇಳಿದಳು.

“ನಿಮ್ಮದು ಎಷ್ಟೊತ್ತು ಇರತೈತಿ ಅಂದ್ರಿ ಅಕ್ಕಾರ? ಆ ಮಿಡಿತ?”

“ಕಣ್ಣು ಮಿಟುಕಿಸೋದಕ್ಕಿಂತ ಬಹಳ ಬಹಳ ಕಡಿಮೆ.”

“ನನ್ನ ಬೇಲಿ ಒಂದ್ಸಲ ಹೊಡದು ಇನ್ನೊಂದ್ಸಲ ಹೊಡಿಯೂದ್ರಾಗ ನಾ ಒಂದು ತೆನಿ ಮುರೀತೇನಿ.” ಅವಳು ಒಂದು ತೆನೆ ಮುರಿದು ತೋರಿಸಿದಳು. “ಒಂದ ಒಳ್ಳಿನಾಗ ಇಬ್ಬರು ನಿಂತು ಕುಟ್ಟತೇವಿ. ಆಕಿ ಒನಕಿ ಎತ್ತಿದಾಗ ನನ್ನ ಒನಕಿ ಬೀಳತೈತಿ. ಎಂದರ ಬಡಕೊಂಡಾವೇನು? ಇಷ್ಟು ಜಾಗಾ ಐತಿ ನಡುವ. ನಿಮಗ ಸಾಲಂಗಿಲ್ಲ?”

ಮೇಡಂ ಕೈಯ ಹಗ್ಗ ನಿಂತಿತು. ಅವರು ನನ್ನನ್ನು ನೋಡಿದರು, ನಾನು ಅವರನ್ನು. ಸಾಲುತ್ತಿತ್ತು. ಕೋಟಿ ಸಲ ಸಾಲುತ್ತಿತ್ತು. ಟಕ್ಕನ್ನು ಕೇಳಿಸಿಕೊಂಡು, ಅರ್ಧ ಸೆಕೆಂಡು ಬಿಟ್ಟು ನಮ್ಮ ಮಿಡಿತ ಬಿಡುವುದು, ಪೆಟ್ಟಿಗೆಯನ್ನೂ ಆಗ ಮಾತ್ರ ಎಚ್ಚರಿಸುವುದು. ಅಪ್ಪನ ಟ್ರಾನ್ಸಿಸ್ಟರಿನ ಸ್ಪೀಕರಿನಿಂದ ಎರಡು ತಂತಿ ಎಳೆದು ಆ ಕೆಲಸದ ಸಣ್ಣ ಸರ್ಕೀಟನ್ನು ನಾನು ಮರುದಿನ ಮಧ್ಯಾಹ್ನದೊಳಗೆ ಕಟ್ಟಿ ಮುಗಿಸಿದೆ. ಬೇಲಿ ಹೊಡೆಯಿತು, ನಾವು ಬಿಟ್ಟೆವು, ಬೇಲಿ ಹೊಡೆಯಿತು, ನಾವು ಬಿಟ್ಟೆವು. ಗೋಧಿ ಕಾಳಿನಷ್ಟು ಉಬ್ಬು ಎಂದಿನಂತೆ ಎದ್ದಿತು.

ಅಂದರೆ, ಬೇಲಿಯನ್ನು ಒಂದು ದಿನವೂ ನಿಲ್ಲಿಸಬೇಕಿರಲಿಲ್ಲ. ಇದನ್ನು ನಾನು ಮೇಡಂಗೆ ಹೇಳಲಿಲ್ಲ, ಅವರೂ ನನಗೆ ಹೇಳಲಿಲ್ಲ. ಗಂಗವ್ವ ಹೇಳಿದಳು. “ಮದಲ ಕೇಳಿದ್ರ ಮದಲ ಹೇಳತಿದ್ನಿ. ಬೇಲಿ ಬಂದ್ ಮಾಡಲೇನು ಅಂತ ಕೇಳಿದ್ರಿ, ಅದಕ್ಕ ಉತ್ತರಾ ಕೊಟ್ನಿ.”

ಶೀಗಿ ಹುಣ್ಣಿಮೆಯ ದಿನ ಅವಳು ಹೊಲದಲ್ಲಿ ಭೂಮಿಗೆ ಪೂಜೆ ಮಾಡಿ ಚರಗ ಚೆಲ್ಲಿದಳು. ಬಿದ್ದ ಹದಿನೇಳು ಸಾಲುಗಳ ಜಾಗದಲ್ಲೂ ನಡೆದು, ನಿಂತ ಬೆಳೆಗೆ ಚೆಲ್ಲಿದಷ್ಟೇ ಅಲ್ಲಿಗೂ ಎಡೆಯ ಅನ್ನ ಚೆಲ್ಲಿದಳು. ಬುಟ್ಟಿಯಲ್ಲಿ ಉಳಿದದ್ದನ್ನು ನಮಗಿಬ್ಬರಿಗೂ ಬಡಿಸಿದಳು. ನಾನು ಆ ತಿಂಗಳ ರಜೆಯ ದಿನಗಳನ್ನೆಲ್ಲ ಅವಳ ಹೊಲದಲ್ಲೇ ಕಳೆದೆ. ಸುಗ್ಗಿಯಲ್ಲಿ ತೆನೆ ಸುಲಿದೆ. ಬೆರಳಿನ ತುದಿಗಳು ಒಡೆದವು. ಅವಳು ಬ್ಯಾಡ ಎನ್ನಲಿಲ್ಲ, ಶಾಬಾಸ್ ಎನ್ನಲೂ ಇಲ್ಲ. ನಿಧಾನವಾಗಿ ಸುಲಿದರೆ ಮಾತ್ರ, “ಪುಸ್ತಕದಾಗ ಬರದ್ರ ಸುಲದಂಗ ಆಗೂದಿಲ್ಲಣ್ಣ,” ಎನ್ನುತ್ತಿದ್ದಳು.

ದೀಪಾವಳಿಗೆ ಎರಡು ದಿನ ಮೊದಲು ಬೆಳೆ ಮನೆಗೆ ಹೋಯಿತು. ಬಸಪ್ಪ ತಾನಾಗಿ ಟ್ರ್ಯಾಕ್ಟರ್ ತಂದು ಕಣದಲ್ಲಿ ನಿಲ್ಲಿಸಿದ. ರಾಶಿಯಿಂದ ಒಂದು ತೆನೆ ಎತ್ತಿ, ಹೆಬ್ಬೆರಳಿನಿಂದ ಕಾಳು ಬಿಡಿಸಿ, ಬಾಯಿಗೆ ಹಾಕಿಕೊಂಡು ಕಡಿದು ನೋಡಿದ. “ಚಲೋ ಒಣಗ್ಯಾವು, ಅತ್ತಿಗಿ,” ಎಂದ. ಹೊಲದ ಮಾತು ಮತ್ತೆ ಎತ್ತಲಿಲ್ಲ.

ನಮ್ಮ ಕಲ್ಲಿನ ಮಾತೂ ಅದೇ ವಾರ ಇತ್ಯರ್ಥವಾಯಿತು. ಅದು ಸಾಲದು. ಒಣಗಿದ ಮೇಲೂ ರೇಡಿಯೊ ಮಿಡಿತ ಅದರಲ್ಲಿ ಹತ್ತಾರು ಹೆಜ್ಜೆಗೇ ಸೊರಗುತ್ತದೆ. ಅಷ್ಟು ವಿರಳವಾದ ಕಣವನ್ನು ಕಾಯಲು ಬಲು ದೊಡ್ಡ, ಬಲು ತಿಳಿಯಾದ ಹಾಸು ಬೇಕು. ಮಂಜು ಬೇಕು, ಉಪ್ಪು ಬೇಕು. ನನಗೆ ಬೇಸರವಾಯಿತು. ಮೇಡಂಗೆ ಆಗಿರಲಿಲ್ಲ. “ಸಾಲದು ಅನ್ನೋದು ನಮಗೆ ಈಗ ಗೊತ್ತು. ಗಣಪತಿ ಹಬ್ಬದಲ್ಲಿ ಗೊತ್ತಿರಲಿಲ್ಲ,” ಎಂದರು. ಹೋಗುವಾಗ ಆ ಪುಸ್ತಕವನ್ನು ತಾವು ಇಟ್ಟುಕೊಂಡರು.

ಇವತ್ತಿಗೂ ಏನನ್ನೇ ಬರೆಯುವ ಮೊದಲು ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ.

ರಸ್ತೆಯ ಅಂಚಿನಲ್ಲಿ ರೇಡಿಯೊ ಹಿಡಿದು ಇಷ್ಟೆಲ್ಲ ನೆನೆಯುತ್ತ ನಿಂತವನು, ಬದು ಹತ್ತಿ ಆ ಕಂಬದ ಹತ್ತಿರ ಹೋದೆ. ಪೆಟ್ಟಿಗೆ ಹೊಸದು, ಬೀಗ ಹಳೆಯದು. ದಂಟಿನ ನಡುವೆ ಕುಡುಗೋಲಿನ ಸದ್ದು. ಯಾರೆಂದು ಕಾಣುತ್ತಿರಲಿಲ್ಲ. ನಾನು ಕೂಗಿದೆ.

“ಬೇಲಿ ಚಾಲೂ ಐತೇನು, ಗಂಗಕ್ಕಾ?”

ಕುಡುಗೋಲು ನಿಂತಿತು. ಒಂದು ಟಕ್ಕು ಕಳೆಯಿತು, ಇನ್ನೊಂದು ಕಳೆಯಿತು. ಆಮೇಲೆ ದಂಟಿನೊಳಗಿಂದ ಅದೇ ದನಿ ಬಂತು.

“ಕೇಳ್ತೀ ಯಾಕಣ್ಣಾ? ಮುಟ್ಟಿ ನೋಡು.”

ರೇಡಿಯೊ ಆರಿಸಿ ಕಿಸೆಗೆ ಹಾಕಿಕೊಂಡೆ. ಬಗ್ಗಿ, ಒಂದು ಹಸಿ ಹುಲ್ಲಿನ ಎಸಳು ಕಿತ್ತು, ತಂತಿಗೆ ಹಿಡಿದೆ.